ಜಾಮೀನಿನ ಮೇಲೆ ಬಂದವನು ಮತ್ತೆ ಕೈ ಮಾಡುತ್ತಾನೆಯೇ?

ಕಾನೂನು ಮತ್ತು ಮನಸ್ಸು: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ತಂಗಿಯನ್ನು ಹೊಡೆದ ಕೇಸಿನಲ್ಲಿ ಅವಳ ಗಂಡನಿಗೆ ಜಾಮೀನು ಸಿಕ್ಕಿದೆ. ತಂಗಿ ನಮ್ಮ ಮನೆಯಲ್ಲಿದ್ದಾಳೆ. ‘ನಿನ್ನ ಬಿಡಲ್ಲ’ ಅಂತ ಫೋನ್ ಮಾಡ್ತಾನೆ. ಬರೀ ಬಾಯಿಮಾತು ಅಂತಾರೆ ನೆಂಟರು. ನಿಜಕ್ಕೂ ಅಪಾಯವಿದೆಯೇ ಅಂತ ತಿಳಿಯೋದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೆಂಟರ ಮಾತು ನಂಬಿ ಕೂರಬೇಡಿ. ಹೆಂಡತಿ ಮನೆ ಬಿಟ್ಟು ಬಂದ ಮೇಲಿನ ದಿನಗಳಲ್ಲೇ ಅಪಾಯ ಹೆಚ್ಚು. ಗಂಡನ ಕೈಯಲ್ಲಿ ಕೊಲೆಯಾಗುವ ಅಪಾಯ ಅಳೆಯಲು ಅಮೆರಿಕದ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ರೂಪಿಸಿದ ಪಟ್ಟಿಯಲ್ಲಿ 20 ಪ್ರಶ್ನೆಗಳಿವೆ. ಹೊಡೆತ ಈ ವರ್ಷ ಹೆಚ್ಚಾಗಿದೆಯೇ, ಆಯುಧ ಕೈಗೆ ಸಿಗುವಂತಿದೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಬಸುರಿಯಾಗಿದ್ದಾಗ ಹೊಡೆದಿದ್ದನೇ, ತಾನೇ ಸಾಯುತ್ತೇನೆ ಎಂದು ಹೆದರಿಸಿದ್ದಾನೆಯೇ, ಅವಳ ಓಡಾಟ, ದುಡ್ಡು, ಫೋನು ಎಲ್ಲ ಅವನ ಹಿಡಿತದಲ್ಲಿತ್ತೇ ಎಂಬಂಥವು.

ಇವುಗಳಲ್ಲಿ ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸುವುದು ಕತ್ತು ಹಿಸುಕಿದ್ದನ್ನು. ದೂರಿನಲ್ಲಿ ‘ಹಲ್ಲೆ ಮಾಡಿದ’ ಎಂಬ ಒಂದೇ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ. ಹೊರಗೆ ಗಾಯ ಕಾಣದೇ ಇರಬಹುದು. ದನಿ ಒಡೆದಿರುತ್ತದೆ, ನುಂಗಲು ನೋವಾಗುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ಕೆಂಪು ಚುಕ್ಕೆ ಕಾಣಬಹುದು. ಹಾಗೆ ನಡೆದಿದ್ದರೆ ಆ ದಿನವೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಬೇಕು. ಎಷ್ಟು ಹೊತ್ತು ಹಿಡಿದಿದ್ದ, ಒಂದು ಕೈಯೋ ಎರಡೋ, ಪ್ರಜ್ಞೆ ತಪ್ಪಿತೇ ಎಂಬುದನ್ನು ಬರೆಸಬೇಕು.

ಈಗ ಮಾಡಬೇಕಾದ್ದು ಇಷ್ಟು. ಹಿಂದಿನ ಒಂದು ವರ್ಷದ ಕ್ಯಾಲೆಂಡರ್ ಮುಂದಿಟ್ಟುಕೊಂಡು ತಂಗಿಯ ಜೊತೆ ಕೂರಿ. ತಾರೀಖು ನೆನಪಾಗದಿದ್ದರೆ ಯುಗಾದಿ ಮಾರನೇ ದಿನ, ದೀಪಾವಳಿ ಹಿಂದಿನ ವಾರ ಎಂದು ಹಿಡಿದು ಹೊರಡಿ. ಒಂದೊಂದು ಘಟನೆಗೂ 1ರಿಂದ 5ರವರೆಗೆ ಅಂಕೆ ಹಾಕಿ: ತಳ್ಳುವುದು, ಕೆನ್ನೆಗೆ ಹೊಡೆಯುವುದು 1; ಗುದ್ದು, ಒದೆತ 2; ಸುಟ್ಟಗಾಯ, ಮೂಳೆ ಮುರಿತ 3; ಕತ್ತು ಹಿಸುಕುವುದು, ಆಯುಧ ತೋರಿಸುವುದು 4; ಆಯುಧ ಬಳಸುವುದು 5. ಅಂಕೆಗಳು ಏರುತ್ತಾ ಬಂದಿದ್ದರೆ, ನಡುವಿನ ದಿನಗಳು ಕಡಿಮೆಯಾಗುತ್ತಾ ಬಂದಿದ್ದರೆ ಆ ಹಾಳೆಯನ್ನು ನ್ಯಾಯಾಲಯವೂ ಸುಲಭದಲ್ಲಿ ತಳ್ಳಿಹಾಕುವುದಿಲ್ಲ.

ಅದರ ಪ್ರತಿ ಮತ್ತು ಫೋನ್ ಕರೆಗಳ ವಿವರದೊಂದಿಗೆ ಠಾಣೆಗೆ ಹೊಸ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಜಾಮೀನು ರದ್ದತಿಗೆ ಅರ್ಜಿ ಹಾಕುವಂತೆ ಸರ್ಕಾರಿ ವಕೀಲರನ್ನು ಕೇಳಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ, ಅಂದರೆ ನಿಮ್ಮ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಘಟನೆಯ ವರದಿಯ ಜೊತೆಗೆ ಸುರಕ್ಷತಾ ಯೋಜನೆಯ ನಮೂನೆಯನ್ನೂ ತುಂಬಿಸಬೇಕು. ಅದನ್ನು ಕೇಳಿ ಮಾಡಿಸಿಕೊಳ್ಳಿ. ತುರ್ತಿದ್ದರೆ 23ನೇ ಕಲಮಿನಡಿ ಎದುರು ಪಕ್ಷದವರ ಮಾತು ಕೇಳುವ ಮುನ್ನವೇ ಮಧ್ಯಂತರ ಆದೇಶ ಕೊಡಲು ಅವಕಾಶವಿದೆ. ಗೇಟಿನ ಬಳಿ ಅವನು ಕಂಡ ಕೂಡಲೇ 112ಕ್ಕೆ ಕರೆ ಮಾಡಿ. ಹೊರಗೆ ಹೋಗಿ ಮಾತಾಡಲು ನಿಲ್ಲಬೇಡಿ.

ಪ್ರಶ್ನೆ: ನನ್ನ ಕಕ್ಷಿದಾರನ ಬಗ್ಗೆ ಬಂದ ಮನೋವೈದ್ಯಕೀಯ ವರದಿಯಲ್ಲಿ ‘ಹಿಂಸಾಚಾರದ ಅಪಾಯ ಹೆಚ್ಚು’ ಎಂಬ ಒಂದೇ ಸಾಲಿದೆ. ಪಾಟೀಸವಾಲಿನಲ್ಲಿ ಏನು ಕೇಳಬೇಕು?
— ಕಿರಿಯ ವಕೀಲರು, ಚಿತ್ರದುರ್ಗ

ಉತ್ತರ: ಯಾರ ಮೇಲೆ, ಯಾವ ಬಗೆಯ ಹಿಂಸೆ, ಎಷ್ಟು ದಿನದೊಳಗೆ, ಯಾವ ಪರಿಸ್ಥಿತಿಯಲ್ಲಿ? ಈ ನಾಲ್ಕಕ್ಕೂ ಉತ್ತರ ಇಲ್ಲದ ವರದಿಯಿಂದ ನ್ಯಾಯಾಧೀಶರಿಗೆ ಏನೂ ಸಿಗುವುದಿಲ್ಲ. ಕುಡಿದಾಗ ಅಣ್ಣನ ಮೇಲೆ ಜಮೀನಿನ ವಿಚಾರಕ್ಕೆ ಎಗರುವವನಿಗೆ ಮಾಡಬೇಕಾದ ಏರ್ಪಾಡೇ ಬೇರೆ, ಸಿಕ್ಕಸಿಕ್ಕವರ ಮೇಲೆ ಕೈ ಮಾಡುವವನಿಗೆ ಬೇಕಾದ್ದೇ ಬೇರೆ.

ಆಮೇಲೆ ವಿಧಾನ ಕೇಳಿ. ಬರೀ ಮಾತಾಡಿಸಿ ಅಂದಾಜು ಮಾಡಿದ್ದೋ, ಅಂಕ ಕೂಡುವ ಮಾಪನವೋ, ಹಿಂಸೆಯ ಅಪಾಯವನ್ನು ಅಂಶವಾರು ತೂಗಿ ನೋಡುವ ಎಚ್‌ಸಿಆರ್-20ರಂಥ ಚೌಕಟ್ಟೋ? 2013ರಲ್ಲಿ ಮೂರನೇ ಆವೃತ್ತಿ ಕಂಡ ಎಚ್‌ಸಿಆರ್-20ರಲ್ಲಿ ಹಿಂದಿನ ಬದುಕಿನ 10 ಅಂಶ, ಈಗಿನ ಸ್ಥಿತಿಯ 5, ಮುಂದಿನ ಪರಿಸರದ 5 ಇವೆ. ಒಂದೊಂದು ಅಂಶವೂ ಇದೆಯೇ, ಭಾಗಶಃ ಇದೆಯೇ, ಇಲ್ಲವೇ ಎಂದು ಗುರುತಿಸಿ, ಈ ವ್ಯಕ್ತಿಯ ಮಟ್ಟಿಗೆ ಅದಕ್ಕೆಷ್ಟು ತೂಕ ಎಂದು ಕಾರಣ ಸಹಿತ ಬರೆಯಬೇಕು. ‘20ರಲ್ಲಿ 13 ಬಂತು, ಆದ್ದರಿಂದ ಅಪಾಯಕಾರಿ’ ಎಂದು ಕೂಡಿಸಿದ್ದರೆ ಅದು ದುರ್ಬಳಕೆ. ವಿಆರ್‌ಎಜಿಯಂಥ ಅಂಕಮಾಪನ ಬಳಸಿದ್ದರೆ ಅದು ಕೆನಡಾದ ಆರೋಪಿಗಳ, ಕೈದಿಗಳ ದಾಖಲೆಯ ಮೇಲೆ ನಿಂತದ್ದು. ಚಳ್ಳಕೆರೆಯ ಹಳ್ಳಿಯವನಿಗೆ ಅದೇ ಶೇಕಡಾವಾರು ಹೇಗೆ ಹೊಂದುತ್ತದೆ ಎಂದು ಕೇಳಲೇಬೇಕು.

ಲೆಕ್ಕವನ್ನೂ ಮುಂದಿಡಿ. 1,000 ಮಂದಿಯಲ್ಲಿ 50 ಜನ ನಿಜಕ್ಕೂ ಹಿಂಸೆಗಿಳಿಯುವವರು ಎಂದುಕೊಳ್ಳಿ. ಪರೀಕ್ಷೆ ಹಿಂಸೆಗಿಳಿಯುವವರನ್ನೂ ಇಳಿಯದವರನ್ನೂ ಶೇ. 80ರಷ್ಟು ಸರಿಯಾಗಿ ಗುರುತಿಸುತ್ತದೆ ಎಂದುಕೊಳ್ಳಿ. ಆಗ ಆ 50ರಲ್ಲಿ 40 ಮಂದಿ ಸಿಕ್ಕುತ್ತಾರೆ. ಉಳಿದ 950ರಲ್ಲಿ 190 ಮಂದಿಗೆ ಸುಮ್ಮನೆ ‘ಅಪಾಯಕಾರಿ’ ಎಂಬ ಹಣೆಪಟ್ಟಿ. ಒಟ್ಟು 230 ಹಣೆಪಟ್ಟಿಗಳಲ್ಲಿ ನಿಜವಾದದ್ದು 40. ಆರರಲ್ಲಿ ಐದು ಸುಳ್ಳು! ಅಪರೂಪದ ಘಟನೆಯನ್ನು ಮುಂಚಿತವಾಗಿ ಹೇಳಹೊರಟಾಗ ಒಳ್ಳೆಯ ಪರೀಕ್ಷೆಯೂ ಹೀಗೆ ಎಡವುತ್ತದೆ.

ಇನ್ನೊಂದು ಕಡೆ ವರದಿಗಳು ಕೆಡುತ್ತವೆ: ಆರೋಪಿಯೊಬ್ಬನನ್ನೇ ಮಾತಾಡಿಸಿ ಬರೆದಾಗ. ಎಫ್‌ಐಆರ್, ದೋಷಾರೋಪ ಪಟ್ಟಿ, ಜೈಲಿನ ನಡತೆ, ಆಸ್ಪತ್ರೆಯ ಚೀಟಿ, ಮನೆಯವರ ಹೇಳಿಕೆ ನೋಡಿದ್ದಾರೆಯೇ? ಇದನ್ನು ನೀವು ಎಚ್ಚರದಿಂದ ಕೇಳಿ, ಉತ್ತರ ನಿಮ್ಮ ಕಕ್ಷಿದಾರನಿಗೇ ತಿರುಗಬಹುದು. ಜೈಲಿನಲ್ಲಿ ಶಾಂತವಾಗಿದ್ದ ಎಂಬುದೂ ಪೂರ್ತಿ ಸಾಕ್ಷಿಯಲ್ಲ. ಅಲ್ಲಿ ಹೆಂಡವೂ ಇಲ್ಲ, ಜಗಳದ ಮನುಷ್ಯನೂ ಇಲ್ಲ. ವರದಿಯ ತಾರೀಖು ನೋಡಿ, ಆಮೇಲೆ ಪರಿಸ್ಥಿತಿ ಬದಲಾಗಿದ್ದರೆ ಮರುಪರೀಕ್ಷೆ ಕೇಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಡಿ ಇದು ತಜ್ಞರ ಅಭಿಪ್ರಾಯ ಮಾತ್ರ, ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಆರೋಪಿಯನ್ನು ಸುಳ್ಳು ಪತ್ತೆ ಯಂತ್ರಕ್ಕೆ ಕೂರಿಸಬಾರದೇ?
— ಹರಿಹರ

ಉತ್ತರ: ಆಗದು. ಒಪ್ಪಿಗೆಯಿಲ್ಲದೆ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಡಿದರೂ ಅದು ಹೇಳಹೊರಡುವುದು ನಡೆದುಹೋದದ್ದರ ಬಗ್ಗೆ, ಮುಂದೆ ಏನು ಮಾಡುತ್ತಾನೆ ಎಂಬುದನ್ನಲ್ಲ.

ಪ್ರಶ್ನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ. ಯಾರಿಗೂ ಹೊಡೆದವನಲ್ಲ. ‘ಇವನನ್ನು ಒಳಗೆ ಹಾಕಿಸಿ’ ಅಂತ ಕೇರಿಯವರು ಒತ್ತಾಯ ಮಾಡ್ತಿದ್ದಾರೆ.
— ಹಿರಿಯೂರು

ಉತ್ತರ: ಕಾಯಿಲೆಯ ಹೆಸರೊಂದರಿಂದಲೇ ಯಾರೂ ಅಪಾಯಕಾರಿಯಾಗುವುದಿಲ್ಲ. ಅಮೆರಿಕದ ಮ್ಯಾಕಾರ್ಥರ್ ಅಧ್ಯಯನದಲ್ಲಿ (1998) ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳನ್ನು ಪಿಟ್ಸ್‌ಬರ್ಗ್‌ನಲ್ಲಿ ಅದೇ ಬಡಾವಣೆಯ ನೆರೆಹೊರೆಯವರ ಜೊತೆ ಹೋಲಿಸಿದರು. ಕುಡಿತ, ಮಾದಕವಸ್ತುವಿನ ಸಮಸ್ಯೆ ಇಲ್ಲದ ರೋಗಿಗಳ ಹಿಂಸೆ ನೆರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಆದ್ದರಿಂದ ಕುಡಿತ ಮತ್ತು ಮಾತ್ರೆ, ಈ ಎರಡರ ಮೇಲೆ ನಿಮ್ಮ ಕಣ್ಣಿರಲಿ. ಮಾತ್ರೆ ಬಿಟ್ಟಿದ್ದರೆ, ‘ಪಕ್ಕದ ಮನೆಯವರು ವಿಷ ಹಾಕ್ತಿದ್ದಾರೆ’ ಎಂದು ಒಬ್ಬರನ್ನೇ ಬೊಟ್ಟುಮಾಡಿ ಹೇಳುತ್ತಿದ್ದರೆ, ಹೊಡಿ ಎಂದು ಯಾರೋ ಹೇಳುವ ದನಿ ಕೇಳುತ್ತಿದ್ದರೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಯಾರಾದರೂ ಪೊಲೀಸರನ್ನು ಕರೆಸಿದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮು ನೆನಪಿರಲಿ. ಆ ಕಲಮಿನಡಿ ಕರೆದೊಯ್ದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತಪಾಸಣೆ ಮಾಡಿಸಬೇಕು. ತಮ್ಮನ ಚಿಕಿತ್ಸೆಯ ಚೀಟಿ, ಮಾತ್ರೆಯ ಹೆಸರು, ವೈದ್ಯರ ಫೋನ್ ನಂಬರು ಒಂದೇ ಕವರಿನಲ್ಲಿ ಹಾಕಿ ಮನೆಯಲ್ಲಿಡಿ, ಬಂದವರ ಕೈಗೆ ಜೆರಾಕ್ಸ್ ಕೊಡಿ.