ವೈದ್ಯರ ಅಂಚೆ: ಆಸ್ಪತ್ರೆಗೆ ಅಷ್ಟೆತ್ತರದ ಗೋಡೆ ಏಕೆ?

ಪ್ರಶ್ನೆ: ಹಡಗಿನಲ್ಲಿ ಕೆಲಸ ಮಾಡುವ ನನ್ನ ಮಗ ಇಂಗ್ಲೆಂಡಿನ ಗಾಸ್ಪೋರ್ಟ್ ಊರಿನಿಂದ ಹ್ಯಾಸ್ಲರ್ ಎಂಬ ಹಳೆಯ ನೌಕಾಪಡೆ ಆಸ್ಪತ್ರೆಯ ಚಿತ್ರ ಕಳುಹಿಸಿದ್ದಾನೆ. ಸುತ್ತ ಸೆರೆಮನೆಯಂಥ ಗೋಡೆ. ರೋಗಿಗಳಿರುವ ಕಡೆ ಇದೇಕೆ?
– ನಾವಿಕನ ತಾಯಿ, ಅಂಕೋಲಾ

ಉತ್ತರ: ತಾಯಿ, ಆ ಗೋಡೆ ಇದ್ದದ್ದು ರೋಗಿಗಳು ಓಡಿಹೋಗದಿರಲೆಂದು. ಆಗಿನ ಬ್ರಿಟಿಷ್ ನೌಕಾಪಡೆಗೆ ಎಷ್ಟೋ ಜನರನ್ನು ಬಂದರಿನ ಬೀದಿಗಳಿಂದ, ವ್ಯಾಪಾರಿ ಹಡಗುಗಳಿಂದ ಬಲವಂತವಾಗಿ ಎಳೆತರುತ್ತಿದ್ದರು. ನೆಲ ಮುಟ್ಟಿದರೆ ಅವರ ಮನಸ್ಸು ಮನೆಯ ಕಡೆಗೇ. ಹಾಗಾಗಿ ಮೂರು ಕಡೆ ನೀರಿರುವ ಜಾಗದಲ್ಲಿ 1746ರಲ್ಲಿ ಕಟ್ಟಡ ಶುರುವಾಯಿತು. 1753ರಲ್ಲಿ ಮೊದಲ ರೋಗಿಗಳು ಬಂದರು, ದೋಣಿಯಲ್ಲಿ.

ನನ್ನ ತರಬೇತಿಯ ದಿನಗಳಲ್ಲಿ ಪಕ್ಕದ ಪೋರ್ಟ್ಸ್‌ಮತ್‌ನಲ್ಲಿದ್ದೆ. ಒಂದು ಭಾನುವಾರ ಆ ಇಟ್ಟಿಗೆ ಗೋಡೆಯ ಹೊರಗೆ ಬಹಳ ಹೊತ್ತು ನಿಂತಿದ್ದೆ. ನಾನು ಹೋಗಿದ್ದು ಜೇಮ್ಸ್ ಲಿಂಡ್‌ಗಾಗಿ. 1758ರಿಂದ 1783ರವರೆಗೆ ಅಲ್ಲಿನ ಮುಖ್ಯ ವೈದ್ಯ ಆತನೇ. ಅದಕ್ಕೂ ಮುಂಚೆ, 1747ರಲ್ಲಿ, ಸಾಲ್ಸ್‌ಬರಿ ಎಂಬ ಹಡಗಿನಲ್ಲಿ ಸ್ಕರ್ವಿ (ಸಿ ಜೀವಸತ್ವದ ಕೊರತೆಯಿಂದ ಬರುವ ರೋಗ) ಬಂದ ಹನ್ನೆರಡು ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ್ದ. ವಸಡು ಕೊಳೆತು, ಮೊಣಕಾಲು ಸೋತವರು. ಊಟ ಎಲ್ಲರಿಗೂ ಒಂದೇ, ಮದ್ದು ಮಾತ್ರ ಬೇರೆ ಬೇರೆ: ಒಂದು ಜೋಡಿಗೆ ವಿನೆಗರ್, ಮತ್ತೊಂದಕ್ಕೆ ಸಮುದ್ರದ ನೀರೇ! ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಆರೇ ದಿನಕ್ಕೆ ಹಣ್ಣು ಮುಗಿದಿತ್ತು. ಅಷ್ಟರಲ್ಲೇ ಒಬ್ಬ ಕೆಲಸಕ್ಕೆ ಮರಳುವಷ್ಟು ಗಟ್ಟಿಯಾಗಿದ್ದ.

ಲಿಂಡ್ ಇದನ್ನು 1753ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆದರೆ ರಸವನ್ನು ಕಾಯಿಸಿ ಗಟ್ಟಿಮಾಡಿ ಹಡಗಿನಲ್ಲಿಡಿ ಎಂದೂ ಹೇಳಿದ. ಕಾಯಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ ಎಂಬುದು ಅವನ ಕಾಲಕ್ಕೆ ಗೊತ್ತಿರಲಿಲ್ಲ. ನೌಕಾಪಡೆ ಎಲ್ಲ ನಾವಿಕರಿಗೂ ನಿಂಬೆರಸ ಕೊಡಲು ಒಪ್ಪಿದ್ದು 1795ರಲ್ಲಿ, ಲಿಂಡ್ ತೀರಿಕೊಂಡ ಮರುವರ್ಷ. ನಡುವಿನ ಆ 42 ವರ್ಷಗಳನ್ನು ನೆನೆದರೆ ವೈದ್ಯನಾಗಿ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆ 2009ರಲ್ಲಿ ಮುಚ್ಚಿತು. ನಿಮ್ಮ ಮಗ ಮತ್ತೆ ಆ ಕಡೆ ಹೋದರೆ, ಪ್ಯಾಡಕ್ ಎಂದು ಕರೆಯುವ ಅಲ್ಲಿನ ಬಯಲನ್ನೂ ನೋಡಲು ಹೇಳಿ. ಬರಿಯ ಹುಲ್ಲು ಕಾಣುತ್ತದೆ. ಅದರಡಿ ಸಾವಿರಾರು ನಾವಿಕರಿದ್ದಾರೆ, ತಲೆದೆಸೆಗೆ ಹೆಸರಿನ ಕಲ್ಲೂ ಇಲ್ಲದೆ.