ಕೆಂಪು ದೀಪದ ಕರೆಂಟ್ ಲೆಕ್ಕ

ಪ್ರಶ್ನೆ: ರಾತ್ರಿ ಡಿಟಿಎಚ್ ಬಾಕ್ಸನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೂ ಬೆಳಿಗ್ಗೆ ಬೆಚ್ಚಗಿರುತ್ತದೆ. ಗೃಹಜ್ಯೋತಿಯ ಅರ್ಹತಾ ಯೂನಿಟ್‌ಗಿಂತ ಪ್ರತಿ ತಿಂಗಳೂ ಐದಾರು ಹೆಚ್ಚು ಬರುತ್ತಿದೆ. ಇದೇ ಕಾರಣವೇ?
– ಓದುಗರೊಬ್ಬರು, ಹಾಸನ

ಉತ್ತರ: ಇರಬಹುದು. ಬೆಚ್ಚಗಿದೆ ಎಂದರೆ ಕರೆಂಟ್ ಎಳೆಯುತ್ತಿದೆ ಎಂದೇ ಅರ್ಥ. ರಿಮೋಟ್ ಒತ್ತಿದಾಗ ಕೆಂಪು ದೀಪ ಹತ್ತಿ, ಪರದೆಗೆ ಹೋಗುವ ಚಿತ್ರ ನಿಲ್ಲುತ್ತದೆ, ಅಷ್ಟೇ. ಎಷ್ಟೋ ಬಾಕ್ಸ್‌ಗಳು ಒಳಗೆ ಎಚ್ಚರವಾಗಿದ್ದು, ಛತ್ರಿಯ ಮೂತಿಯಲ್ಲಿದ್ದು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೂ ವಿದ್ಯುತ್ ಕಳಿಸುತ್ತಲೇ ಇರುತ್ತವೆ. 10 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 19 ಗಂಟೆ ಹಾಗೇ ಬಿಟ್ಟರೆ ತಿಂಗಳಿಗೆ 5.7 ಯೂನಿಟ್.

ಊಹೆ ಬೇಡ, ಅಳೆದೇ ನೋಡಿ. ಫ್ರಿಜ್, ಯುಪಿಎಸ್, ವೈಫೈ ಎಲ್ಲ ಆಫ್ ಮಾಡಿ ಬಾಕ್ಸ್ ಒಂದನ್ನೇ ಕೆಂಪು ದೀಪದಲ್ಲಿ ಬಿಡಿ. ಮೀಟರ್ ಮೇಲೆ ‘3200 ಇಂಪಲ್ಸ್’ ಎಂದಿದ್ದರೆ ಅದರ ಪುಟ್ಟ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಕಾಲು ಗಂಟೆಯಲ್ಲಿ 8 ಸಲ ಮಿನುಗಿದರೆ ಸರಿಯಾಗಿ 10 ವ್ಯಾಟ್. ಬಾಕ್ಸನ್ನೂ ಆಫ್ ಮಾಡಿದ ಮೇಲೂ ಮಿನುಗುತ್ತಿದ್ದರೆ ಬೇರೇನೋ ಉರಿಯುತ್ತಿದೆ, ಇಲ್ಲವೇ ವೈರಿಂಗ್‌ನಲ್ಲಿ ಸೋರಿಕೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡುವುದು ಪರಿಹಾರ. ಮತ್ತೆ ಹಾಕಿದಾಗ ಒಂದೆರಡು ನಿಮಿಷ ಕಾಯಬೇಕು, ರಾತ್ರಿಗೆ ಇಟ್ಟ ರೆಕಾರ್ಡಿಂಗ್ ಆಗುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ನಡೆಯುವಾಗ ಮಾತ್ರ ಸ್ವಿಚ್ ಮುಟ್ಟಬೇಡಿ, ಬಾಕ್ಸ್ ಕೈಕೊಟ್ಟೀತು.

ಗೃಹಜ್ಯೋತಿಯ ಅರ್ಹತಾ ಯೂನಿಟ್ ಮೀರಿದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಿಮ್ಮದೇ.