ಇಂಗಾಲದ ಚೆಂಡಿನ ಆಕಾರಕ್ಕೆ ಸಾಕ್ಷಿ ಯಾವುದು?

ಪ್ರಶ್ನೆ: ಅರವತ್ತು ಇಂಗಾಲದ ಪರಮಾಣುಗಳಿರುವ ಫುಲ್ಲರೀನ್ ಅಣು ಫುಟ್‌ಬಾಲಿನ ಆಕಾರದ್ದೆಂದು, ಪರಮಾಣುವಿನ ನ್ಯೂಕ್ಲಿಯಸ್ಸುಗಳನ್ನು ಕಾಂತಕ್ಷೇತ್ರದಲ್ಲಿಟ್ಟು ಪರೀಕ್ಷಿಸುವ ಕಾಂತೀಯ ಅನುರಣನದಿಂದ (ಎನ್‌ಎಂಆರ್) ಖಚಿತವಾಯಿತೆಂದೂ, ಆ ಪ್ರಯೋಗದಲ್ಲಿ ಸಿಕ್ಕಿದ್ದು ಒಂದೇ ಒಂದು ರೇಖೆಯೆಂದೂ ಓದಿದ್ದೇನೆ. ಒಂದು ರೇಖೆಯಿಂದ ಇಡೀ ಅಣುವಿನ ಆಕಾರ ತಿಳಿಯುವುದು ಹೇಗೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಸಂಶಯ ಸರಿಯಾದದ್ದೇ. ಆ ಒಂದು ರೇಖೆಯಷ್ಟರಿಂದಲೇ ಆಕಾರ ತಿಳಿಯುವುದಿಲ್ಲ. ಅದರ ಜೊತೆಗೆ ಇನ್ನೊಂದು ಅಣುವಿನ ಐದು ರೇಖೆಗಳ ಸಾಕ್ಷ್ಯವೂ ಬೇಕಾಯಿತು. ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಸಾಕ್ಷ್ಯ ಆ ಎರಡನೆಯದೇ.

1985ರಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ರೋಟೊ, ರಿಚರ್ಡ್ ಸ್ಮಾಲಿ, ರಾಬರ್ಟ್ ಕರ್ಲ್ ಮತ್ತು ಅವರ ವಿದ್ಯಾರ್ಥಿಗಳು ಗ್ರಾಫೈಟನ್ನು ಲೇಸರಿನಿಂದ ಆವಿಯಾಗಿಸಿದಾಗ, 720 ದ್ರವ್ಯಮಾನದ, ಅಂದರೆ ತಲಾ 12 ದ್ರವ್ಯಮಾನದ ಅರವತ್ತು ಪರಮಾಣುಗಳ ಗುಂಪು ಉಳಿದೆಲ್ಲವನ್ನೂ ಮೀರಿ ಎದ್ದು ಕಂಡಿತು. ಅದು ಚೆಂಡಿನಂತಿರಬೇಕೆಂದು ಅವರು ಊಹಿಸಿದರಾದರೂ, ಪರೀಕ್ಷಿಸಿ ನೋಡಲು ಸಾಕಾಗುವಷ್ಟು ವಸ್ತು ಕೈಗೆ ಬಂದದ್ದು 1990ರಲ್ಲಿ, ಕ್ರ್ಯಾಚ್ಮರ್ ಮತ್ತು ಹಫ್ಮನ್ ತಂಡ ಹೀಲಿಯಂ ಅನಿಲದಲ್ಲಿ ಗ್ರಾಫೈಟನ್ನು ಆವಿಯಾಗಿಸಿ, ಬಂದ ಮಸಿಯನ್ನು ಬೆಂಜೀನಿನಲ್ಲಿ ಕರಗಿಸಿದ ಮೇಲೆ. ಅದೇ ವರ್ಷ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಕ್ರೋಟೊ ಅವರ ತಂಡ ಇಂಥದ್ದೇ ಮಸಿಯ ಸಾರವನ್ನು ಬೇರ್ಪಡಿಸಿದಾಗ ಎರಡು ದ್ರಾವಣಗಳು ಸಿಕ್ಕವು: ನೇರಳೆ ಮಿಶ್ರಿತ ಕೆಂಪಿನದು ಅರವತ್ತು ಪರಮಾಣುಗಳ ಅಣುವಿನದು, ದ್ರಾಕ್ಷಾರಸದ ಕೆಂಪಿನದು ಎಪ್ಪತ್ತು ಪರಮಾಣುಗಳದು.

ಇನ್ನು ಅನುರಣನದ ಮಾತು. ಇಂಗಾಲದ ಸಾಮಾನ್ಯ ರೂಪವಾದ ಇಂಗಾಲ-12ರ ನ್ಯೂಕ್ಲಿಯಸ್ಸಿಗೆ ಕಾಂತಗುಣವಿಲ್ಲ. ಸಹಜ ಇಂಗಾಲದಲ್ಲಿ ಶೇ. 1.1ರಷ್ಟು ಮಾತ್ರ ಇರುವ, ಕೊಂಚ ಭಾರದ ಇಂಗಾಲ-13ಕ್ಕೆ ಇದೆ. ಅಷ್ಟು ಕಡಿಮೆಯಾದರೂ, ಅರವತ್ತು ಪರಮಾಣುಗಳ ಅಣುವಾದ್ದರಿಂದ ಹೆಚ್ಚುಕಡಿಮೆ ಅರ್ಧದಷ್ಟು ಅಣುಗಳಲ್ಲಿ ಇಂಗಾಲ-13 ಒಂದಾದರೂ ಇರುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಈ ನ್ಯೂಕ್ಲಿಯಸ್ ವಾಲಿ ಸುತ್ತುವ ಬುಗುರಿಯಂತೆ ತಿರುಗುತ್ತದೆ, ಮತ್ತು ಅದರ ಆವರ್ತನವು ಸುತ್ತಲಿನ ಎಲೆಕ್ಟ್ರಾನುಗಳಿಂದಾಗಿ ಅತಿ ಸ್ವಲ್ಪವೇ ಬದಲಾಗುತ್ತದೆ. ಆದ್ದರಿಂದ ಒಂದು ಅಣುವಿನಲ್ಲಿ ಎಷ್ಟು ಬಗೆಯ ನೆರೆಹೊರೆಗಳಿವೆಯೋ ಅಷ್ಟು ಆವರ್ತನಗಳಲ್ಲಿ ಅಷ್ಟು ರೇಖೆಗಳು ಕಾಣಿಸುತ್ತವೆ.

ಹಳೆಯ ಕಪ್ಪು-ಬಿಳಿ ಫುಟ್‌ಬಾಲೊಂದನ್ನು ಕೈಯಲ್ಲಿ ಹಿಡಿದು, ಹೊಲಿಗೆಗಳು ಕೂಡುವ ಯಾವುದಾದರೂ ಮೂಲೆಯ ಮೇಲೆ ಬೆರಳಿಡಿ. ಅಲ್ಲಿ ಒಂದು ಪಂಚಭುಜವೂ ಎರಡು ಷಡ್ಭುಜಗಳೂ ಸೇರಿರುತ್ತವೆ. ಬೆರಳನ್ನು ಬೇರೆ ಯಾವ ಮೂಲೆಗೆ ಸರಿಸಿದರೂ ಇದೇ ಚಿತ್ರ. ಅರವತ್ತು ಮೂಲೆಗಳಿಗೂ ಒಂದೇ ನೆರೆಹೊರೆಯಾದ್ದರಿಂದ ಒಂದೇ ರೇಖೆ ಬರಬೇಕು, ಮತ್ತು ಸುಮಾರು 143 ಪಿಪಿಎಂ (ಆವರ್ತನದ ಬದಲಾವಣೆಯನ್ನು ಹತ್ತು ಲಕ್ಷದಲ್ಲಿ ಎಷ್ಟು ಭಾಗವೆಂದು ಹೇಳುವ ಅಳತೆ) ಸ್ಥಾನದಲ್ಲಿ ಅದೇ ಬಂದಿತು.

ಆದರೆ ಅರವತ್ತು ಪರಮಾಣುಗಳು ಬಳೆಯಂತೆ ಒಂದೇ ಸುತ್ತಿನಲ್ಲಿ ಕೂಡಿಕೊಂಡಿದ್ದರೂ, ಎಲ್ಲವೂ ಸಮಾನವಾಗಿ, ಒಂದೇ ರೇಖೆ ಬರುತ್ತಿತ್ತು ಎಂಬ ಆಕ್ಷೇಪಕ್ಕೆ ಈ ರೇಖೆಯಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಎಪ್ಪತ್ತರ ಅಣುವಿನಲ್ಲಿ. ಅದು ಚೆಂಡನ್ನು ನಡುವೆ ಬಿಡಿಸಿ ಹತ್ತು ಪರಮಾಣುಗಳ ಪಟ್ಟಿ ಸೇರಿಸಿದಂತೆ, ಕೊಂಚ ಮೊಟ್ಟೆಯ ಹಾಗೆ ನೀಳವಾಗಿದ್ದರೆ, ತುದಿಯಿಂದ ನಡುವಿನವರೆಗೆ ಐದು ಬಗೆಯ ಸ್ಥಾನಗಳಿರಬೇಕು. ಬಳೆಯಾಗಿದ್ದರೆ ಅಲ್ಲೂ ಒಂದೇ ರೇಖೆ. ಸಸೆಕ್ಸ್ ತಂಡಕ್ಕೆ ಕಂಡದ್ದು ಐದು. ಅವುಗಳ ಎತ್ತರಗಳೂ 10, 20, 10, 20, 10 ಪರಮಾಣುಗಳ ಪ್ರಮಾಣಕ್ಕೆ ಹೊಂದುತ್ತಿದ್ದವು. ಊಹೆಯೊಂದು ಇಷ್ಟು ಅಚ್ಚುಕಟ್ಟಾಗಿ ನಿಜವಾಗುವುದು ಅಪರೂಪ. ಪಾಠ ಮಾಡುವಾಗ ಪ್ರತಿಸಲವೂ ನನಗೆ ಇದು ರೋಮಾಂಚನ ತರುತ್ತದೆ.

ರೇಖೆಗಳು ಕಡಿಮೆಯಿರುವುದೇ ಸಮಮಿತಿಯ ಗುರುತು ಎಂಬ ಇದೇ ತರ್ಕ ಆಕಾಶದಲ್ಲೂ ಕೆಲಸಕ್ಕೆ ಬಂದಿತು. ಅರವತ್ತು ಪರಮಾಣುಗಳ ಅಣು 174 ರೀತಿಗಳಲ್ಲಿ ಕಂಪಿಸಬಲ್ಲದಾದರೂ, ಸಮಮಿತಿಯ ಕಾರಣದಿಂದ ಅವಗೆಂಪು ರೋಹಿತದಲ್ಲಿ ನಾಲ್ಕೇ ರೇಖೆಗಳನ್ನು ತೋರುತ್ತದೆ. ನಕ್ಷತ್ರಗಳ ಸುತ್ತಲಿನ ಇಂಗಾಲದ ಸರಪಳಿಗಳನ್ನು ಅರಿಯುವ ಆಸೆಯಿಂದಲೇ ಕ್ರೋಟೊ 1985ರಲ್ಲಿ ಹ್ಯೂಸ್ಟನ್ನಿಗೆ ಹೋಗಿದ್ದರು. ದೂರದ ನೀಹಾರಿಕೆಯನ್ನು ಕಾಂತದೊಳಗೆ ಇರಿಸಲಾಗದು. ಆದರೆ ಅದರ ಅವಗೆಂಪು ಬೆಳಕು ನಮ್ಮನ್ನು ತಲಪುತ್ತದೆ. ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಸಂಗ್ರಹಿಸಿದ ಅಂಥ ಬೆಳಕಿನಲ್ಲಿ, ಟಿಸಿ-1 ಎಂಬ ಗ್ರಹೀಯ ನೀಹಾರಿಕೆಯಿಂದ (ಮುಪ್ಪಾದ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡದಿಂದ) ಬಂದ ಆ ನಾಲ್ಕು ರೇಖೆಗಳನ್ನು ಯಾನ್ ಕಾಮಿ ಮತ್ತು ಸಂಗಡಿಗರು 2010ರಲ್ಲಿ ಗುರುತಿಸಿದರು.